ಎಲ್ಲಾ ಗೊತ್ತೈತ್ರಿ ಆಕಿಗೆ

ಹಂಪಿ
ಭಾನುವಾರ, ೯ ಫೆಬ್ರುವರಿ ೨೦೨೫

ಪ್ರೀತಿಯ ಸುಧಾ,

ನಿನ್ನ ಪಂಪಾವತಿಯ ನಮಸ್ಕಾರ. ನಾವೆಲ್ಲ ಇಲ್ಲಿ ಕ್ಷೇಮ. ಹೊಕ್ಕಳ ಮೇಲಿನ ಹೊಲಿಗೆ ಒಣಗಿದೆ, ಕೆಮ್ಮಿದರೆ ಮಾತ್ರ ಒಳಗೆ ಯಾರೋ ಚಿವುಟಿದ ಹಾಗಾಗುತ್ತದೆ. ನೀನು ಆಸ್ಪತ್ರೆಗೆ ರಜೆ ಹಾಕಿ ಸಂಡೂರಿಗೆ ನಿಮ್ಮಕ್ಕನ ಮನೆಗೆ ಹೋಗಿದ್ದೀ ಎಂದು ದುರ್ಗಾ ಹೇಳಿದಳು. ಅಲ್ಲಿ ಎಲ್ಲರೂ ಆರಾಮ ಇದ್ದಾರೆಂದು ನಂಬಿದ್ದೇನೆ. ನಿನ್ನ ಸುದ್ದಿಯನ್ನು ಈಗ ನಾನು ನನ್ನ ಮಗಳಿಂದ ಕೇಳಿ ತಿಳಿದುಕೊಳ್ಳಬೇಕಾಗಿದೆ ನೋಡು.

ಇಷ್ಟು ದಿನ ನಿನ್ನ ಫೋನ್ ಎತ್ತಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಮಾಡಿಕೊಂಡರೂ ಅಡ್ಡಿಯಿಲ್ಲ. ನೀನು ಚಿಕ್ಕು ಹಣ್ಣಿನ ಚೀಲ ಹಿಡಿದು ಬಂದ ದಿನ ದುರ್ಗಾ ಬಾಗಿಲಲ್ಲೇ ನಿಂತು ಅಮ್ಮ ಮಲಗಿದ್ದಾಳೆ ಎಂದಳಲ್ಲ, ನಾನು ಮಲಗಿರಲಿಲ್ಲ. ಪರದೆಯ ಹಿಂದೆ ನಿಂತು ನಿನ್ನ ಚಪ್ಪಲಿ ನೋಡುತ್ತಿದ್ದೆ. ಹಾಗೆ ಹೇಳು ಎಂದು ಹೇಳಿಕೊಟ್ಟವಳೂ ನಾನೇ. ಚಿಕ್ಕು ಚೆನ್ನಾಗಿದ್ದವು, ತಿಂದೆ. ಹಣ್ಣಿನ ಮೇಲೆ ನನಗೇನೂ ಸಿಟ್ಟಿಲ್ಲ.

ಫೋನ್ ಬಿಟ್ಟು ಕಾಗದ ಯಾಕೆ ಎನ್ನುತ್ತೀಯಾ? ಫೋನಿನಲ್ಲಾದರೆ ನಾನು ಕೂಗಾಡುತ್ತೇನೆ, ನೀನು ಅಳುತ್ತೀ, ನೀನು ಅತ್ತ ಕೂಡಲೇ ನಾನು ನನ್ನ ಮಾತು ಬಿಟ್ಟು ನಿನ್ನನ್ನು ಸಮಾಧಾನ ಮಾಡುತ್ತೇನೆ. ಕಂಪ್ಲಿ ಹೈಸ್ಕೂಲಿನಿಂದಲೂ ಇದೇ ನಡೆದು ಬಂದಿದೆ. ಈ ಸಲ ನನ್ನ ಮಾತು ಪೂರ್ತಿ ಆಗಬೇಕು. ನಿನ್ನನ್ನು ಕೇಳುವುದು ಒಂದೇ ಇದೆ. ಆಪರೇಷನ್ ಟೇಬಲ್ಲಿನ ಮೇಲೆ ನಾನಿದ್ದಾಗ, ನನ್ನ ತಲೆಯ ಹಿಂದೆ ನಿಂತು, ನನ್ನ ಬಗ್ಗೆ ನೀನು ಡಾಕ್ಟರಿಗೆ ಒಂದು ಸುಳ್ಳು ಹೇಳಿದೆ. ಯಾಕೆ ಹೇಳಿದೆ?

ಮೊದಲಿನಿಂದ ಬರೆಯುತ್ತೇನೆ. ಬರೆಯುತ್ತ ನನಗೂ ತಿಳಿದೀತು.

ಹೊಕ್ಕಳ ಮೇಲಿನ ಗಂಟು ದುರ್ಗಾ ಹುಟ್ಟಿದಾಗಿನಿಂದ ಇತ್ತು, ನಿನಗೆ ಗೊತ್ತು. ಬೆರಳಿನಿಂದ ಒಳಗೆ ಒತ್ತಿ, ಸೀರೆ ಬಿಗಿದು ಉಟ್ಟು, ಗೆಸ್ಟ್‌ಹೌಸಿನ ಹಾಸಿಗೆ ಬಟ್ಟೆ ಒಗೆದುಕೊಂಡು ಇದ್ದೆ. ದೀಪಾವಳಿ ಆದ ಮೇಲೆ ಒಂದು ದಿನ ಅದು ಎಷ್ಟು ಒತ್ತಿದರೂ ಒಳಗೆ ಹೋಗಲಿಲ್ಲ. ಮಾರೇಶ ಪ್ರವಾಸಿಗರನ್ನು ಅರ್ಧ ದಾರಿಯಲ್ಲಿ ಇಳಿಸಿ, ಆಟೋ ತಿರುಗಿಸಿ ನನ್ನನ್ನು ಹೊಸಪೇಟೆಗೆ ನಿಮ್ಮ ಆಸ್ಪತ್ರೆಗೆ ತಂದ. ಸರ್ಜನ್ ಹೇಗೋ ಅದನ್ನು ಒಳಗೆ ಸರಿಸಿದರು. ಇನ್ನೊಮ್ಮೆ ಹೀಗಾಗಿ ಕರುಳು ಸಿಕ್ಕಿಕೊಂಡರೆ ಹೊತ್ತಲ್ಲದ ಹೊತ್ತಿನಲ್ಲಿ ಕೊಯ್ಯಬೇಕಾಗುತ್ತದೆ, ಅದಕ್ಕಿಂತ ತಯಾರಿ ಮಾಡಿಕೊಂಡು ಮಾಡಿಸಿಕೊಳ್ಳುವುದು ವಾಸಿ ಎಂದರು. ನೀನು ನನ್ನ ಕೈ ಹಿಡಿದು, ನಾನಿರ್ತೀನಿ ಬಿಡು ಎಂದೆ. ಅಷ್ಟಕ್ಕೇ ನಾನು ಒಪ್ಪಿದ್ದು.

ಮುಂದೆ ನೀನು ನನ್ನನ್ನು ಅರಿವಳಿಕೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಪ್ರಭಂಜನ ಡಾಕ್ಟರು. ಅವರೇನು ಮಾಡುತ್ತಾರೆಂದು ಕೇಳಿದ್ದಕ್ಕೆ ಅವರು, ಕೊಯ್ಯೋದು ಸರ್ಜನ್ ಕೆಲಸ, ಅಲ್ಲಿತನಕ ನಿಮ್ಮ ಉಸಿರು ಕಾಯೋದು ನನ್ನ ಕೆಲಸ ಎಂದರು. ಟೇಪು ತೆಗೆದು ನನ್ನ ಕುತ್ತಿಗೆ ಅಳೆದರು. ಜಾಕೀಟು ಹೊಲಿಸ್ತೀರೇನ್ರಿ ಸರ್ ಎಂದು ನಾನು ನಕ್ಕೆ. ಬಾಯಿ ತೆರೆಸಿ ನಾಲಗೆ ನೋಡಿದರು. ಚಪ್ಪಟೆ ಮಲಗಿದರೆ ನಿದ್ದೆ ಬರುತ್ತದೆಯೇ, ಹಗಲು ಕುಳಿತಲ್ಲೇ ತೂಕಡಿಕೆ ಬರುತ್ತದೆಯೇ, ಗೊರಕೆ ಇದೆಯೇ ಎಂದೆಲ್ಲ ಕೇಳಿದರು. ನಮ್ಮ ಗೆಸ್ಟ್‌ಹೌಸಿನ ರೂಮಿಗೆ ಬಂದಿದ್ದ ಪುಣೆಯ ಗಂಡಹೆಂಡತಿ ಬೆಳಿಗ್ಗೆ ಎದ್ದು ಇಲ್ಲೆಲ್ಲೋ ಹತ್ತಿರದಲ್ಲಿ ಕಲ್ಲಿನ ಕ್ರಷರ್ ಇದೆಯಾ ಎಂದು ಕೇಳಿದ್ದ ಕಥೆಯನ್ನು ನಾನೇ ಹೇಳಿದೆ. ಡಾಕ್ಟರು ನಗಲಿಲ್ಲ. ಗೊರಕೆ ನಡುವೆ ನಿಲ್ಲುತ್ತದೆಯೇ ಎಂದು ಮಾರೇಶನನ್ನು ಕೇಳಿದರು.

“ನಿಲ್ಲತೈತ್ರಿ ಸರ್. ಅದು ನಿಂತಾಗ್ಲೇ ನಮಗೆಲ್ಲಾ ನಿದ್ದಿ ಹತ್ತೋದು” ಎಂದ ಮಾರೇಶ.

ನನ್ನ ಗಂಡನೆಂಬ ಪುಣ್ಯಾತ್ಮ ಇಷ್ಟು ವರ್ಷ ನನ್ನ ಉಸಿರು ನಿಂತ ಹೊತ್ತು ನೋಡಿಕೊಂಡು ಮಲಗಿದ್ದಾನೆ.

ಬೆರಳಿಗೆ ಕ್ಲಿಪ್ಪು, ಮೂಗಿಗೆ ಸಣ್ಣ ನಳಿಕೆ ಹಚ್ಚಿ ಮನೆಯಲ್ಲೇ ನಿದ್ದೆಯ ಪರೀಕ್ಷೆ ಆಯಿತು. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಮತ್ತೆ ಮತ್ತೆ ಉಸಿರು ನಿಲ್ಲುತ್ತಿದೆ ಎಂದು ಗೊತ್ತಾಯಿತು. ಮೂಗಿಗೆ ಹಾಕಿಕೊಂಡು ಮಲಗುವ ಗಾಳಿ ಮಿಷನ್ ಕೊಟ್ಟರು. ಕೌದಿಗಳನ್ನು ಮಡಚಿ ಬೆನ್ನಿನಿಂದ ತಲೆಯವರೆಗೆ ಇಳಿಜಾರು ಮಾಡಿಕೊಂಡು ಮಲಗಬೇಕು, ಕಿವಿ ಎದೆಯ ಮೂಳೆಯ ಮಟ್ಟಕ್ಕೆ ಬರಬೇಕು ಎಂದು ನೀನೇ ಮನೆಗೆ ಬಂದು ಹಾಸಿ ತೋರಿಸಿದೆ. ಮೊದಲ ದಿನ ಆ ಮಿಷನ್ ಹಾಕಿಕೊಂಡು ಎದ್ದಾಗ ನನಗೆ ಅಳು ಬಂತು ಸುಧಾ. ಬೆಳಿಗ್ಗೆ ಎದ್ದರೆ ತಲೆನೋವು ಇಲ್ಲದೆ ಇರುವುದು ಹೇಗಿರುತ್ತದೆ ಎನ್ನುವುದೇ ಮರೆತುಹೋಗಿತ್ತು. ನಿನಗೆ ಫೋನ್ ಮಾಡಿ, ಲೇ, ನಿನ್ನ ಹೊಟ್ಟೆ ತಣ್ಣಗಿರಲಿ ಎಂದೆ. ಆ ಮಾತನ್ನು ನಾನೇನೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಆಪರೇಷನ್ನಿನ ದಿನ ಗೊತ್ತಾದ ಮೇಲೆ ಡಾಕ್ಟರು ನಿನ್ನನ್ನೂ ಮಾರೇಶನನ್ನೂ ಒಳಗೆ ಕರೆದರು. ನನ್ನನ್ನು ಆಗ ತೂಕ ನೋಡಲು, ಇಸಿಜಿಗೆ ಕಳಿಸಿದ್ದರು. ನೀವಿಬ್ಬರೂ ಹೊರಗೆ ಬಂದಾಗ ಮಾರೇಶನ ಮುಖ ಕಪ್ಪಿಟ್ಟಿತ್ತು. ನೀನು ನಕ್ಕು, ಏನಿಲ್ಲ ಕಣೆ, ಬೆನ್ನಿಗೆ ಒಂದು ಸೂಜಿ, ಸೊಂಟದ ಕೆಳಗೆ ಜೋಮು, ನೀನು ಬೇಕಾದರೆ ಮೊಬೈಲಿನಲ್ಲಿ ಹಾಡು ಕೇಳಿಕೊಂಡು ಮಲಗಿರು ಎಂದೆ. ನಾನು ಯಾವ ಹಾಡು ಎಂದು ಯೋಚನೆ ಮಾಡತೊಡಗಿದೆ. ನೋಡು ನನ್ನ ಬುದ್ಧಿ.

ಅವತ್ತೇ ಸಂಜೆ ನೀವೆಲ್ಲ ನಮ್ಮ ಹಿತ್ತಲಲ್ಲಿ ಕುಳಿತಿರಿ. ನೀನು, ಮಾರೇಶ, ಕಂಪ್ಲಿಯಿಂದ ಬಂದಿದ್ದ ನನ್ನ ಅತ್ತೆ ದ್ಯಾಮಕ್ಕ. ನಾನು ಮಂಡಕ್ಕಿ, ಮಿರ್ಚಿ, ಚಹಾ ಮಾಡಿಕೊಂಡು ಬಂದೆ. ನನ್ನನ್ನು ಕಂಡದ್ದೇ ಎಲ್ಲರೂ ಗಪ್‌ಚುಪ್.

“ಯಾಕ, ಎಲ್ಲಾರೂ ಸುಮ್ಮನಾದ್ರಿ? ಯಾರರೆ ಸತ್ರೇನು?” ಎಂದೆ.

ಮಾರೇಶನಿಗೆ ಮಿರ್ಚಿ ನೆತ್ತಿಗೇರಿತು. ನೀನು ಅವನ ಬೆನ್ನು ತಟ್ಟುತ್ತ, ಮೆಣಸಿನಕಾಯಿ ಭಾಳ ಖಾರ ಐತಿ ಎಂದೆ. ನಾನು ನಂಬಿದೆ. ಅಂಗಡಿಯವನಿಗೆ ಮರುದಿನ ಬೈದು ಬಂದೆ ಕೂಡ.

ಆ ಮೇಲೆ ಶುರುವಾಯಿತು ನನ್ನ ಮೆರವಣಿಗೆ. ಅಲ್ಲಿಯವರೆಗೆ ಎಲ್ಲರೂ ನನ್ನ ತಟ್ಟೆಯ ಮೇಲೆ ಕಾವಲಿದ್ದರು. ತೂಕ ಎಷ್ಟು ಇಳಿದರೆ ಉಸಿರಿಗೆ ಅಷ್ಟು ಒಳ್ಳೆಯದು ಎಂದು ಡಾಕ್ಟರು ಹೇಳಿದ್ದರೆಂದು ಅತ್ತೆ ಜೋಳದ ರೊಟ್ಟಿಯನ್ನೂ ಅರ್ಧ ಮುರಿದು ಹಾಕುತ್ತಿದ್ದಳು. ಅಂಥವಳು ಈಗ ಕುಳಿತು ಹೋಳಿಗೆ ಮಾಡಿದಳು, ಮೇಲೆ ತುಪ್ಪ ಸುರಿದಳು. ಮೆಟ್ರಿಯ ನಾದಿನಿ, ನನ್ನ ಜೊತೆ ಮಾತು ಬಿಟ್ಟು ಎಷ್ಟು ಕಾಲವಾಗಿತ್ತೋ, ಅವಳು ಶೇಂಗಾ ಹೋಳಿಗೆಯ ಡಬ್ಬಿ ತಂದು, ಆದದ್ದೆಲ್ಲ ಹೊಟ್ಟೆಗೆ ಹಾಕಿಕೋ ಅಕ್ಕಾ ಎಂದು ಕಾಲು ಮುಟ್ಟಿದಳು. ನನಗೆ ನಾಚಿಕೆಯಾಯಿತು. ಜನ ಎಷ್ಟು ಒಳ್ಳೆಯವರು, ನಾನೇ ಸುಮ್ಮನೆ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ ಎಂದುಕೊಂಡೆ. ಡಾಕ್ಟರು ಬೇಡ ಅಂದಾರಲ್ಲ ಎಂದು ನಾನೇ ತಟ್ಟೆ ಸರಿಸಿದರೆ ಅತ್ತೆ, ತಿನ್ನು ತಾಯಿ, ಒಂದು ದಿನಕ್ಕ ಏನಾಗತೈತಿ ಎಂದು ಕಣ್ಣೊರೆಸಿಕೊಂಡಳು. ಸಾಯುವವಳಿಗೆ ಯಾತರ ಪಥ್ಯ ಎಂದು ಅವಳ ಮನಸ್ಸಿನಲ್ಲಿತ್ತು. ನೀವೆಲ್ಲ ನನ್ನನ್ನು ಕಳಿಸಿಕೊಡಲು ಬಂದಿದ್ದಿರಿ. ನಾನು ಮಾತ್ರ ಸೀರೆ ಸರಿಮಾಡಿಕೊಂಡು ಸೊಸೈಟಿಯ ಅಧ್ಯಕ್ಷಳ ಹಾಗೆ ಕುಳಿತಿದ್ದೆ.

ಆಪರೇಷನ್ ಥಿಯೇಟರಿನಲ್ಲಿ ನಡೆದದ್ದನ್ನು ನಿನಗೆ ನಾನು ಹೇಳಬೇಕೆ? ಹೇಳುತ್ತೇನೆ. ನೀನು ನಿಂತ ಕಡೆಯಿಂದ ಅದು ಬೇರೆ, ನಾನು ಮಲಗಿದ ಕಡೆಯಿಂದ ಬೇರೆ.

ನನ್ನನ್ನು ಕೂರಿಸಿ ಬೆನ್ನು ಬಾಗಿಸಿದಿರಿ. ಬೆನ್ನಮೂಳೆ ಕೈಗೆ ಸಿಗದೆ ಡಾಕ್ಟರು ಎರಡು ಮೂರು ಕಡೆ ಚುಚ್ಚಿದರು. ನೀನು ಎದುರು ನಿಂತು ನನ್ನ ಭುಜ ಅಪ್ಪಿಕೊಂಡಿದ್ದೆ. ಸಾಸಿವಿಕಾಳೇ, ಅಲುಗಾಡಬ್ಯಾಡ ಎಂದೆ ಕಿವಿಯಲ್ಲಿ. ಹಂಪಿಯ ಅಷ್ಟೆತ್ತರದ ಗಣಪನಿಗೆ ಸಾಸಿವೆಕಾಳು ಎಂದು ಹೆಸರಿಟ್ಟ ಹಾಗೆ ಒಂಬತ್ತನೇ ಕ್ಲಾಸಿನಲ್ಲಿ ನನಗೆ ಆ ಹೆಸರಿಟ್ಟವಳು ನೀನು. ಬೇರೆ ಯಾರಾದರೂ ದಪ್ಪಕ್ಕ ಎಂದರೆ ನಾನು ಕಲ್ಲು ಎತ್ತಿಕೊಳ್ಳುತ್ತಿದ್ದೆ. ನಿನ್ನ ಬಾಯಲ್ಲಿ ಆ ಹೆಸರು ಕೇಳಿ ಅವತ್ತು ಅಷ್ಟು ಹೊತ್ತು ಕಲ್ಲಿನಂತೆ ಕುಳಿತೆ.

ಕಾಲು ಬೆಚ್ಚಗಾದವು, ಭಾರವಾದವು, ಇಲ್ಲವಾದವು. ಮನೆಯಲ್ಲಿ ಕೌದಿ ಹಾಸಿದ ಹಾಗೆಯೇ ಇಲ್ಲಿ ಕಂಬಳಿಗಳನ್ನು ಮಡಚಿ ಇಳಿಜಾರು ಮಾಡಿ ನನ್ನನ್ನು ಒರಗಿಸಿದಿರಿ. ಮುಖಕ್ಕೆ ಆಮ್ಲಜನಕದ ಮಾಸ್ಕ್ ಬಂತು. ಜೋಮು ಹೊಟ್ಟೆಗೆ ಬಂತು, ಇನ್ನೂ ಮೇಲೆ ಬಂತು. ಆಮೇಲೆ ನನ್ನ ಎದೆ ಕಾಣೆಯಾಯಿತು. ಎದೆ ಏರುತ್ತಿದೆಯೋ ಇಳಿಯುತ್ತಿದೆಯೋ ನನಗೆ ತಿಳಿಯಲಿಲ್ಲ. ಉಸಿರೆಳೆದೆನೋ ಇಲ್ಲವೋ ಎಂಬುದು ಎಳೆದವಳಿಗೇ ಗೊತ್ತಾಗದಿದ್ದರೆ ಹೇಗಿರುತ್ತದೆ, ನೀನೇ ಯೋಚಿಸು. ಬಾವಿಗೆ ಬಿದ್ದವರ ಹಾಗೆ ಕೈ ಬಡಿದೆ. ಮಾಸ್ಕ್ ಕಿತ್ತು ಎಸೆದೆ. ಬೆರಳಿನ ಕ್ಲಿಪ್ಪಿಗೆ ಹಚ್ಚಿದ ಮಿಷನ್ನಿನ ಟಿಕ್ ಟಿಕ್ ದನಿ ತಗ್ಗುತ್ತ ಹೋಯಿತು.

ಡಾಕ್ಟರು ಹತ್ತಿರ ಬಾಗಿ, ಪಂಪಾವತಿಯವರ, ನಿಮಗ ಮೊದಲೇ ಹೇಳಿಸಿದ್ದು ನೆನಪೈತಲ್ರಿ, ಕೈ ಹಿಡೀರಿ, ಕೈ ಹಿಡಿದು ಒತ್ರಿ ಎಂದರು. ಏನು ಹೇಳಿಸಿದ್ದು? ನನಗೆ ಯಾರು ಹೇಳಿದ್ದರು? ನಾನು ಇನ್ನೂ ಜೋರಾಗಿ ಒದ್ದಾಡಿದೆ. ಆಗ ಅವರು ತಲೆ ಎತ್ತಿ ನಿನ್ನನ್ನು ಕೇಳಿದರು.

“ಸಿಸ್ಟರ್, ಇವರಿಗೆ ಎಲ್ಲಾ ಬಿಡಿಸಿ ಹೇಳೀರಿ, ಹೌದಲ್ಲ?”

ನೀನು ನನ್ನ ತಲೆಯ ಹಿಂದೆ ಇದ್ದೆ. ನಿನ್ನ ಮುಖ ನನಗೆ ತಲೆಕೆಳಗಾಗಿ ಕಾಣುತ್ತಿತ್ತು. ನಿನ್ನ ಒಂದು ಕೈ ನನ್ನ ಕೆನ್ನೆಯ ಮೇಲಿತ್ತು.

“ಹೇಳೀನ್ರಿ ಸರ್. ಎಲ್ಲಾ ಗೊತ್ತೈತ್ರಿ ಆಕಿಗೆ.”

ಡಾಕ್ಟರು ನಿನ್ನ ಮಾತು ನಂಬಿದರು. ಎಲ್ಲಾ ಗೊತ್ತಿದ್ದವಳೂ ಹೀಗೆ ಬಡಿದುಕೊಳ್ಳುತ್ತಾಳೆಂದರೆ ಇದು ಬರೀ ಅಂಜಿಕೆ ಅಲ್ಲ, ನಿಜವಾಗಿ ಉಸಿರು ಸೋಲುತ್ತಿದೆ ಎಂದು ತಿಳಿದರು. ನಳಿಕೆ ತರ್ರಿ, ತಯಾರ್ ಮಾಡ್ರಿ ಎಂದರು. ಸರ್ಜನ್ ಕೈ ಮೇಲಿಟ್ಟುಕೊಂಡು ಹಿಂದೆ ಸರಿದರು. ಅದು ಯಾವ ನಳಿಕೆ ಎಂದೂ ನನಗೆ ತಿಳಿಯದು. ಸಾಯುತ್ತಿದ್ದೇನೆ, ಇವರೆಲ್ಲ ಸೇರಿ ಸಾಯಿಸುತ್ತಿದ್ದಾರೆ ಎಂದೇ ಅಂದುಕೊಂಡೆ. ಇದ್ದ ಶಕ್ತಿಯನ್ನೆಲ್ಲ ಕೂಡಿಸಿ, ಬಿಡ್ರೋ ನನ್ನ, ಹಾಳಾಗಿ ಹೋಗ್ರಿ, ನನ್ನ ಮಗಳನ್ನ ಕರೀರಿ ಎಂದು ಇಡೀ ಆಸ್ಪತ್ರೆಗೆ ಕೇಳುವ ಹಾಗೆ ಕೂಗಿದೆ.

ಪ್ರಭಂಜನ ಡಾಕ್ಟರು ಅಲ್ಲಿಗೇ ನಿಂತರು. ಕೈ ಎತ್ತಿ ನಳಿಕೆಯವರನ್ನು ತಡೆದರು. “ಇಷ್ಟು ದೊಡ್ಡ ದನಿ ಬರಬೇಕಂದ್ರ ಉಸಿರು ಒಳಗ ಹೋಗಲೇಬೇಕಲ್ರಿ. ಉಸಿರು ಐತಿ, ಅದು ಆಡೋದು ನಿಮಗ ತಿಳಿವಲ್ಲದು, ಅಷ್ಟ. ನನ್ನ ಬೈರಿ, ಬೈತಾ ಇರ್ರಿ” ಎಂದರು. ಟೇಬಲ್ಲಿನ ತಲೆಯ ಕಡೆ ಇನ್ನಷ್ಟು ಎತ್ತರ ಮಾಡಿಸಿದರು, ಮಾಸ್ಕನ್ನು ತಮ್ಮ ಕೈಯಲ್ಲೇ ಹಿಡಿದರು. ನಾನು ಬೈಯುತ್ತ ಹೋದೆ, ಅವರು ಹೂಂ ಹೂಂ ಎನ್ನುತ್ತ ಹೋದರು. ಸರ್ಜನ್ ಗಂಟು ತೆಗೆದು, ಆ ಜಾಗಕ್ಕೆ ಬಲೆಯಂಥ ತೇಪೆ ಹೊಲಿದು ಮುಗಿಸುವವರೆಗೂ ಅವರಿಗೆ ನನ್ನ ಬೈಗುಳ ಕೇಳುವುದೇ ಕೆಲಸವಾಯಿತು.

ಆಮೇಲೆ ವಾರ್ಡಿನಲ್ಲಿ ಕೂರಿಸಿದಂತೆ ಮಲಗಿಸಿ, ನನ್ನ ಗಾಳಿ ಮಿಷನ್ನನ್ನೇ ತರಿಸಿ ಹಾಕಿದರು. ನೋವಿಗೆ ಮಂಪರು ಬರುವ ಇಂಜೆಕ್ಷನ್ ಬೇಡ, ಇವರಿಗೆ ಅದರಿಂದಲೇ ಉಸಿರು ನಿಂತೀತು ಎಂದು ನರ್ಸುಗಳಿಗೆ ಗದರಿ ಹೇಳಿದರು. ಮರುದಿನ ತಾವೇ ಸ್ಟೂಲ್ ಎಳೆದುಕೊಂಡು ಕುಳಿತು, ಅಷ್ಟೆಲ್ಲ ಗೊತ್ತಿದ್ದೂ ಮಾಸ್ಕ್ ಯಾಕೆ ಕಿತ್ತಿರಿ ಎಂದು ಕೇಳಿದರು. ನನಗೇನು ಗೊತ್ತಿತ್ತು ಎಂದು ನಾನು ಕೇಳಿದೆ. ಅವರು ಕೂಡಲೇ ನಿನ್ನನ್ನು ಹುಡುಕಿಸಿದರು. ನೀನು ಡ್ಯೂಟಿ ಮುಗಿಸಿ ಹೋಗಿದ್ದೆ.

ಅವರ ಬಾಯಿಂದಲೇ ಎಲ್ಲ ತಿಳಿಯಿತು. ನನ್ನಂಥವರನ್ನು ಪೂರ್ತಿ ಮಲಗಿಸಿದರೆ ನಾಲಗೆ ಹಿಂದೆ ಜಾರಿ ಗಂಟಲು ಮುಚ್ಚುತ್ತದೆಯಂತೆ. ಗಂಟಲಿಗೆ ಉಸಿರಿನ ನಳಿಕೆ ಹಾಕುವುದು ಕಷ್ಟ. ತೆಳ್ಳಗಿನವರ ಎದೆಯಲ್ಲಿ ಗಾಳಿಯ ಉಳಿತಾಯ ಹೆಚ್ಚಿರುತ್ತದೆ, ನನ್ನಂಥವರದು ಬೇಗ ಖಾಲಿಯಾಗುತ್ತದೆ. ಅದಕ್ಕೇ ಬೆನ್ನಿನ ಸೂಜಿ. ಆದರೆ ಅದು ಎದೆಯವರೆಗೆ ಏರಿದರೆ ಉಸಿರಿಲ್ಲ ಎಂದು ಅನಿಸುವುದುಂಟು, ಆಗ ಹೆದರದೆ ಕೈ ಒತ್ತಿ, ಮಾತಾಡುತ್ತ ಇರಬೇಕು. ತೀರಾ ಆದರೆ ಎಚ್ಚರ ಇರುವಾಗಲೇ ಗಂಟಲಿಗೆ ಔಷಧ ಸಿಂಪಡಿಸಿ ನಳಿಕೆ ಇಳಿಸುತ್ತಾರೆ, ಅದಕ್ಕೆ ನಾನು ಮೊದಲೇ ಮನಸ್ಸು ಗಟ್ಟಿ ಮಾಡಿಕೊಂಡಿರಬೇಕು. ಅದೂ ಕೈಕೊಟ್ಟರೆ ಜೀವ ಹೋಗಬಹುದು. ಇಷ್ಟನ್ನೂ ನನಗೆ ತಿಳಿಸಲು ಅವರು ನಿನಗೆ ಒಪ್ಪಿಸಿದ್ದರು. ನೀವು ಗೆಳತಿ, ನಿಮ್ಮ ಮಾತಲ್ಲಿ ಹೇಳಿದರೆ ಹೆದರುವುದಿಲ್ಲ ಎಂದಿದ್ದರಂತೆ. ನಾನು ಅವರನ್ನೂ ಬಿಡಲಿಲ್ಲ. ನನ್ನ ಉಸಿರಿನ ಮಾತನ್ನು ನನ್ನ ಮುಂದೆ ಆಡಲು ನಿಮಗೇನು ಬಾಯಿ ಇರಲಿಲ್ಲವೇನ್ರಿ ಎಂದೆ. ತಪ್ಪಾಯಿತು ಎಂದರು. ಡಾಕ್ಟರೊಬ್ಬರು ತಪ್ಪಾಯಿತು ಎಂದದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು.

ಮನೆಗೆ ಬಂದು ಮಾರೇಶನನ್ನು ಹಿಡಿದುಕೊಂಡೆ. ಅವನು ಮುಚ್ಚಿಡುವ ಗಂಡಸಲ್ಲ, ಎಲ್ಲ ಒದರಿದ. ಹಿತ್ತಲಲ್ಲಿ ಅತ್ತೆ, ಹೆದರಿಸಬ್ಯಾಡ್ರಿ, ಹೆದರಿದ್ರ ಆಕಿ ಜೀವ ಅಲ್ಲೇ ಹೋಗತೈತಿ, ಒಳ್ಳೆ ಕೆಲಸಕ್ಕ ಹೋಗುವಾಗ ಕೆಟ್ಟ ಮಾತು ಆಡಬಾರದು ಎಂದಳಂತೆ. ಅತ್ತೆಗೆ ನಾನು ಏನೂ ಅನ್ನುವುದಿಲ್ಲ. ಅವಳ ಕಾಲದಲ್ಲಿ ಕಾಯಿಲೆಯ ಹೆಸರನ್ನೇ ಹೇಳುತ್ತಿರಲಿಲ್ಲ. ಮಾರೇಶನಿಗೂ ಅನ್ನುವುದಿಲ್ಲ, ಅವನು ಅಂಜುಬುರುಕ, ತಾಯಿ ಹೇಳಿದ್ದಕ್ಕೆ ತಲೆಯಾಡಿಸಿದ. ಆದರೆ ನೀನು? ನೀನು ಓದಿದವಳು. ಉಸಿರು ನಿಂತವರನ್ನು ಕಣ್ಣಾರೆ ಕಂಡವಳು. ಡಾಕ್ಟರ ಲೆಕ್ಕಾಚಾರದಲ್ಲಿ ನನಗೆ ಗೊತ್ತಿರುವುದೂ ಒಂದು ಔಷಧ ಎಂದು ಗೊತ್ತಿದ್ದವಳು. ಆ ಔಷಧ ಕೊಟ್ಟಿಲ್ಲ ಎಂದು ಅವತ್ತು ಒಂದು ಮಾತು ಹೇಳಿದ್ದರೆ ಅವರು ನಳಿಕೆಗೆ ಕೈ ಹಾಕುತ್ತಿರಲಿಲ್ಲ.

ನೀನು ಏನು ಹೇಳುತ್ತೀ ಎಂದು ನನಗೆ ಗೊತ್ತು. ಹೇಳಿದ್ದರೆ ನೀನು ಓಡಿಹೋಗುತ್ತಿದ್ದೆ, ಗಂಟು ಮತ್ತೆ ಸಿಕ್ಕಿಕೊಂಡು ಯಾವತ್ತೋ ಸಾಯುತ್ತಿದ್ದೆ ಎನ್ನುತ್ತೀ. ಓಡಿಹೋಗುತ್ತಿದ್ದೆನೇನೋ. ಹುಲಿಗೆಮ್ಮನ ಗುಡಿಗೆ ಹೋಗಿ ಕುಳಿತುಬಿಡುತ್ತಿದ್ದೆನೇನೋ. ಆಗ ನೀನು ಬಂದು ಜಡೆ ಹಿಡಿದು ಎಳೆದುಕೊಂಡು ಹೋಗಬೇಕಿತ್ತು. ಬೈದು, ಅತ್ತು, ಜಗಳವಾಡಿ ಒಪ್ಪಿಸಬೇಕಿತ್ತು. ಅದು ಗೆಳೆತನ. ದನಕ್ಕೆ ಇಂಜೆಕ್ಷನ್ ಹಾಕುವಾಗ ಯಾರೂ ಅದಕ್ಕೆ ಹೇಳಿ ಹಾಕುವುದಿಲ್ಲ, ಮೇವು ತೋರಿಸಿ ಹಾಕುತ್ತಾರೆ. ನನಗೆ ನೀವು ಹೋಳಿಗೆ ತೋರಿಸಿದಿರಿ.

ನನಗೆ ಸಿಟ್ಟು ಇಳಿಯುತ್ತಿಲ್ಲ ಸುಧಾ. ಇಷ್ಟು ದೊಡ್ಡ ಹೊಟ್ಟೆ ಇಟ್ಟುಕೊಂಡೂ ಇದೊಂದನ್ನು ಹೊಟ್ಟೆಗೆ ಹಾಕಿಕೊಳ್ಳಲು ಆಗುತ್ತಿಲ್ಲ. ನೀನು ನನಗೆ ಕೆಟ್ಟದ್ದು ಬಯಸಿದೆ ಎಂದು ನಾನು ಯಾವ ಗುಡಿಯಲ್ಲಿ ನಿಂತೂ ಹೇಳಲಾರೆ. ಆದರೂ ಈಗ ಯಾರಾದರೂ ನನ್ನನ್ನು ಕಂಡು ನಕ್ಕರೆ ಯಾಕೆ ನಕ್ಕರು ಎಂದು ನೋಡುತ್ತೇನೆ. ನಾದಿನಿ ಮತ್ತೆ ಮಾತು ಬಿಟ್ಟಿದ್ದಾಳೆ, ನಾನು ಉಳಿದುಕೊಂಡೆನಲ್ಲ. ಅದೊಂದು ನನಗೆ ಸಮಾಧಾನ, ಅವಳ ಸಿಟ್ಟಾದರೂ ಅಸಲಿ.

ಉಳಿದಂತೆ ಇಲ್ಲಿ ಸೀಸನ್ ಜೋರು, ರೂಮು ಖಾಲಿ ಇಲ್ಲ. ಮಿಷನ್ ಹಾಕಿಕೊಂಡೇ ಮಲಗುತ್ತೇನೆ. ತೂಕ ಸ್ವಲ್ಪ ಇಳಿದಿದೆ, ಮೆಟ್ಟಿಲು ಹತ್ತಿದರೆ ಏದುಸಿರು ಕಡಿಮೆ. ಬೆಳಿಗ್ಗೆ ಹೊಳೆಯವರೆಗೆ ನಡೆದು ಬರುತ್ತೇನೆ.

ನಿನ್ನನ್ನು ಒಂದು ಕೇಳಿಕೊಳ್ಳುತ್ತೇನೆ. ನಾಳೆ ನನ್ನಂಥ ದಪ್ಪ ಹೆಂಗಸು ಯಾರೋ ಮೆಟ್ರಿಯಿಂದಲೋ ಕುರೆಕುಪ್ಪದಿಂದಲೋ ನಿಮ್ಮಲ್ಲಿಗೆ ಬರುತ್ತಾಳೆ. ಅವಳ ಮನೆಯವರು ನಿನ್ನನ್ನು ಮೂಲೆಗೆ ಕರೆದು, ಆಕಿಗೆ ಹೇಳಬ್ಯಾಡ್ರಿ ಸಿಸ್ಟರ್ ಎನ್ನುತ್ತಾರೆ. ಅವರನ್ನು ಹೊರಗೆ ಕೂರಿಸು. ಅವಳ ಪಕ್ಕ ಕುಳಿತು ಎಲ್ಲ ಹೇಳು. ಅತ್ತರೆ ಅಳಲಿ.

ವಿರೂಪಾಕ್ಷ, ಪಂಪಾದೇವಿ ನಿನ್ನನ್ನೂ ನಿನ್ನ ಮಕ್ಕಳನ್ನೂ ತಂಪಾಗಿ ಇಟ್ಟಿರಲಿ. ನಿಮ್ಮಕ್ಕನಿಗೆ ನಾನು ಕೇಳಿದೆನೆಂದು ಹೇಳು. ನೀನು ಬರುವುದಾದರೆ ಈಗಲೇ ಬರಬೇಡ. ನಾನೇ ಕರೆಯುತ್ತೇನೆ, ಯಾವಾಗ ಎಂದು ನನಗೂ ತಿಳಿಯದು.

ಇಂತಿ,
ಪಂಪಾವತಿ

ಮರೆತ ಮಾತು: ಮೇಲಿನದನ್ನೆಲ್ಲ ಬರೆದು ಮಡಚಿಟ್ಟ ಮೇಲೆ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಇದನ್ನು ಬರೆಯಬಾರದು ಎಂದಿದ್ದೆ. ಅಮ್ಮನ ಜೀವ ಹೋಗಬಹುದು ಎಂದು ದುರ್ಗಾಳಿಗೆ ನೀನು ಮೊದಲೇ ಹೇಳಿದ್ದೆಯಂತೆ. ಮೊನ್ನೆ ಅವಳೇ ಬಾಯಿಬಿಟ್ಟಳು. ಮಗಳು, ಗೊತ್ತಿರಬೇಕು, ಧೈರ್ಯ ತಂದುಕೊಳ್ಳಬೇಕು ಎಂದು ಕಾಲೇಜಿನ ಹತ್ತಿರ ಕರೆದು ಹೇಳಿದೆಯಂತೆ. ಪಿಯುಸಿ ಓದುವ ಹುಡುಗಿಗೆ ಹೇಳಲು ನಿನಗೆ ಬಾಯಿ ಬಂತು.

ಆಸ್ಪತ್ರೆಗೆ ಸೇರುವ ಹಿಂದಿನ ಸಂಜೆ ನಾನು ಚೀಲಕ್ಕೆ ಬಟ್ಟೆ ತುಂಬುತ್ತಿದ್ದೆ. ಅವಳು ಬಂದು ಪಕ್ಕದಲ್ಲಿ ಕುಳಿತಳು. ಸುಮ್ಮನೆ ನನ್ನ ಸೆರಗು ಹಿಡಿದುಕೊಂಡಿದ್ದಳು. “ಅಮ್ಮ, ನನಗೇನರ ಹೇಳೋದೈತೇನು?” ಎಂದಳು. ನಾನು ತಲೆ ಎತ್ತಲಿಲ್ಲ. ಹಾಲಿಗೆ ಹೆಪ್ಪು ಹಾಕು, ಸಿಲಿಂಡರ್ ಬಂದ್ ಮಾಡು ಎಂದೆ. “ಅಷ್ಟೇನಾ ಅಮ್ಮ?” ಎಂದು ಮತ್ತೆ ಕೇಳಿದಳು. ಅಷ್ಟ, ಇನ್ನೇನಿರತೈತಿ, ದಾರಿ ಬಿಡು, ಚೀಲ ತುಂಬಬೇಕು ಎಂದು ಗದರಿದೆ.

ಅವಳು ಆ ಮಾತನ್ನೇ ನನ್ನ ಕೊನೆಯ ಮಾತು ಎಂದು ಇಟ್ಟುಕೊಳ್ಳಲು ತಯಾರಾಗಿ ಎದ್ದು ಹೋದಳು ಸುಧಾ. ನನ್ನ ಹತ್ತಿರ ಅವಳಿಗೆ ಹೇಳುವುದು ಎಷ್ಟೊಂದು ಇತ್ತು. ಹಾಲಿಗೆ ಹೆಪ್ಪು ಹಾಕಿ, ಬಾಗಿಲಲ್ಲಿ ನಿಂತು, “ಹಾಕೀನಮ್ಮ” ಎಂದಳು.